ಹೆಸರಿನ ಮುಂದೆ @ ಇದ್ದರೆ ಏನರ್ಥ? ಚಾಟ್ ಚಾನೆಲ್‌ನ ಆಪ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಕಡೆಯ ಹುಡುಗ ಹುಡುಗಿಯರು ಲಿನಕ್ಸ್, ಕನ್ನಡ ಟೈಪಿಂಗ್, ಸಣ್ಣಪುಟ್ಟ ಪ್ರೋಗ್ರಾಮಿಂಗ್ ಕಲಿಯಲು ಸೇರುವ ಒಂದು ಐಆರ್‌ಸಿ ಚಾನೆಲ್ ಇದೆ. ಐಆರ್‌ಸಿ ಅಂದರೆ ಇಂಟರ್‌ನೆಟ್ ರಿಲೇ ಚಾಟ್, ಟೈಪ್ ಮಾಡಿ ಮಾತಾಡುವ ಚಾಟ್ ವ್ಯವಸ್ಥೆ. ಚಾನೆಲ್ ಅಂದರೆ ಅದರೊಳಗಿನ ಒಂದು ಗುಂಪು. ನಮ್ಮ ಚಾನೆಲನ್ನು ನಾವು ಕೆಲವರು ನೋಡಿಕೊಳ್ಳುತ್ತೇವೆ. ಹಾಗೆ ನೋಡಿಕೊಳ್ಳುವವರಿಗೇ ಆಪ್ ಅನ್ನುವುದು. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಕೆಲವು ಪ್ರೈವೇಟ್ ಮೆಸೇಜ್‌ನಲ್ಲಿ, ಕೆಲವು ಮೇಲ್‌ನಲ್ಲಿ, ಕೆಲವು ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ನಮ್ಮ ಚಾನೆಲ್ ಇರುವುದು ಲಿಬೆರಾ ಚಾಟ್ ಅನ್ನುವ ಐಆರ್‌ಸಿ ನೆಟ್‌ವರ್ಕ್‌ನಲ್ಲಿ, ಅಂದರೆ ಒಟ್ಟಿಗೆ ಜೋಡಿಸಿದ ಸರ್ವರ್‌ಗಳ ಗುಂಪಿನಲ್ಲಿ. ಹಾಗಾಗಿ ಉತ್ತರಗಳು ಅಲ್ಲಿನ ಲೆಕ್ಕದಲ್ಲಿವೆ. ಬೇರೆ ಕಡೆ ಬೇರೆ ರೀತಿ ಇದ್ದರೆ ಅಲ್ಲಲ್ಲೇ ಹೇಳಿದ್ದೇನೆ.

## ಮೊದಲ ದಿನದ ಪ್ರಶ್ನೆಗಳು

ವಾಟ್ಸಾಪ್ ಇರುವಾಗ ಐಆರ್‌ಸಿ ಯಾಕೆ ಸಾರ್? ಅದು ಹಳೇದಲ್ವಾ?

ಹಳೆಯದೇ. 1988ರ ಆಗಸ್ಟ್‌ನಲ್ಲಿ ಫಿನ್ಲೆಂಡ್‌ನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಅನ್ನುವವರು ಇದನ್ನು ಬರೆದರು. ಇವತ್ತಿಗೂ ಎಷ್ಟೋ ಸಾಫ್ಟ್‌ವೇರ್ ಯೋಜನೆಗಳ ಜನ ಇಲ್ಲಿ ಸಿಗುತ್ತಾರೆ. ಫೋನ್ ನಂಬರ್ ಕೊಡಬೇಕಿಲ್ಲ. ನಿಮಗೆ ಬೇಕಾದ ಒಂದು ಹೆಸರು, ಅಂದರೆ ನಿಕ್, ಸಾಕು. ಹಳೇ ಲ್ಯಾಪ್‌ಟಾಪು, ನಿಧಾನದ ನೆಟ್ಟು, ಎರಡರಲ್ಲೂ ಓಡುತ್ತದೆ. ನಂಬರ್ ಕೊಡಬೇಕಿಲ್ಲ ಅನ್ನುವ ಒಂದೇ ಕಾರಣಕ್ಕೆ ನಮ್ಮಲ್ಲಿ ಸೇರಿದ ಹೆಣ್ಣುಮಕ್ಕಳಿದ್ದಾರೆ. ನನಗೆ ಅದು ದೊಡ್ಡ ಕಾರಣ.

ಕೆಲವರ ಹೆಸರಿನ ಮುಂದೆ @ ಇದೆ, ಕೆಲವರಿಗೆ + ಇದೆ. ನಂಗೆ ಏನೂ ಇಲ್ಲ. ಯಾಕೆ?

@ ಇದ್ದವರು ಆಪ್, ಅಂದರೆ ಚಾನೆಲ್ ಆಪರೇಟರ್. + ಇದ್ದವರಿಗೆ ವಾಯ್ಸ್ ಇದೆ. ಏನೂ ಇಲ್ಲದವರು ಸದಸ್ಯರು. ಚಾನೆಲ್‌ನಲ್ಲಿ ಜಾಸ್ತಿ ಜನ ಇರುವುದೇ ಹಾಗೆ. ಗುರುತು ಇಲ್ಲ ಅಂದರೆ ನೀವು ಕಡಿಮೆ ಅಂತ ಅರ್ಥ ಅಲ್ಲ. ಮಾತಾಡಬಹುದು, ಪ್ರಶ್ನೆ ಕೇಳಬಹುದು, ಉತ್ತರ ಹೇಳಬಹುದು. ನಮ್ಮಲ್ಲಿ ಅತಿ ಒಳ್ಳೆಯ ಉತ್ತರ ಕೊಡುವ ಇಬ್ಬರಿಗೆ ಇವತ್ತಿಗೂ ಯಾವ ಗುರುತೂ ಇಲ್ಲ. ಅವರು ಕೇಳಿಯೂ ಇಲ್ಲ.

ಆಪ್ ಆದವರು ಏನೇನು ಮಾಡಬಹುದು?

ಒಬ್ಬರನ್ನು ಹೊರಗೆ ಕಳಿಸಬಹುದು, ಅದು ಕಿಕ್. ಮತ್ತೆ ಒಳಗೆ ಬರದ ಹಾಗೆ ತಡೆಯಬಹುದು, ಅದು ಬ್ಯಾನ್. ಮೇಲೆ ಕಾಣುವ ಟಾಪಿಕ್ ಸಾಲನ್ನು ಬದಲಿಸಬಹುದು. ಚಾನೆಲ್‌ನ ಮೋಡ್‌ಗಳನ್ನು ಹಾಕಿ ತೆಗೆಯಬಹುದು. ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ, ಇಷ್ಟೇ ಜನಕ್ಕೆ ಜಾಗ, ಟಾಪಿಕ್ ಬದಲಿಸುವುದು ಆಪ್‌ಗೆ ಮಾತ್ರ, ಇವೆಲ್ಲ ಮೋಡ್‌ಗಳು. ಬೇರೆಯವರಿಗೆ @ ಅಥವಾ + ಕೊಡಬಹುದು, ವಾಪಸ್ ತೆಗೆಯಬಹುದು. ಇಷ್ಟೇ.

ಆಪ್ ನನ್ನ ಪ್ರೈವೇಟ್ ಮೆಸೇಜ್ ಓದ್ತಾರಾ? ನಾನು ಬರೆದಿದ್ದನ್ನ ಅಳಿಸ್ತಾರಾ?

ಎರಡೂ ಇಲ್ಲ. ನೀವು ಇನ್ನೊಬ್ಬರಿಗೆ ಕಳಿಸಿದ ಪ್ರೈವೇಟ್ ಮೆಸೇಜ್ ಚಾನೆಲ್ ಮೂಲಕ ಹೋಗುವುದೇ ಇಲ್ಲ, ಆಪ್‌ಗೆ ಅದು ಕಾಣಲ್ಲ. ಬರೆದದ್ದನ್ನು ಅಳಿಸುವ ಬಟನ್ ಕೂಡ ನಮ್ಮ ಹತ್ತಿರ ಇಲ್ಲ. ಸಾಲು ಹೋದ ತಕ್ಷಣ ಎಲ್ಲರ ಪರದೆ ಮೇಲೂ ಬಂದಾಯಿತು. ಯಾರಾದರೂ ಲಾಗ್ ಇಟ್ಟುಕೊಂಡಿದ್ದರೆ ಅಲ್ಲೂ ಉಳಿಯಿತು. ಅದಕ್ಕೇ ಹೇಳುವುದು, ಫೋನ್ ನಂಬರ್, ಹಾಸ್ಟೆಲ್ ರೂಮ್ ನಂಬರ್, ಪಾಸ್‌ವರ್ಡ್ ಇಂಥವನ್ನು ಚಾನೆಲ್‌ನಲ್ಲಿ ಹಾಕಬೇಡಿ.

ಇನ್ನೊಂದು ವಿಷಯ. ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ನೆಟ್ ಕನೆಕ್ಷನ್‌ನ ನಂಬರ್, ಆಪ್‌ಗೆ ಮಾತ್ರ ಅಲ್ಲ, ಎಲ್ಲರಿಗೂ ಕಾಣಬಹುದು. ಅದನ್ನು ಮರೆಮಾಡುವುದಕ್ಕೆ ಕ್ಲೋಕ್ ಅಂತ ಇದೆ. ಖಾತೆ ನೋಂದಾಯಿಸಿ ಕ್ಲೋಕ್ ಕೇಳಿ ತೆಗೆದುಕೊಳ್ಳಿ. ಹೊಸದಾಗಿ ಬಂದ ತಂಗಿಯರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನ.

ನಾನು ಟೈಪ್ ಮಾಡಿದ್ದು ಯಾರಿಗೂ ಹೋಗ್ತಿಲ್ಲ. ಬ್ಯಾನ್ ಆಗಿದ್ದೀನಾ?

ಇರಲಿಕ್ಕಿಲ್ಲ. ಮೂರು ಕಾರಣ ಇರಬಹುದು. ಒಂದು, ಚಾನೆಲ್ 'ಮಾಡರೇಟೆಡ್' ಮೋಡ್‌ನಲ್ಲಿದೆ. ಆಗ @ ಅಥವಾ + ಇದ್ದವರಿಗೆ ಮಾತ್ರ ಮಾತು. ಯಾರನ್ನಾದರೂ ಕರೆಸಿ ಪಾಠ ಮಾಡಿಸುವಾಗ ನಾವು ಇದನ್ನು ಹಾಕುತ್ತೇವೆ, ಮುಗಿದ ಮೇಲೆ ತೆಗೆಯುತ್ತೇವೆ. ಎರಡು, ಸ್ಪ್ಯಾಮ್ ಕಾಟ ಇದ್ದ ದಿನ ಖಾತೆಗೆ ಲಾಗಿನ್ ಆದವರಿಗೆ ಮಾತ್ರ ಅವಕಾಶ ಕೊಟ್ಟಿರುತ್ತೇವೆ. ಮೂರು, ನಿಮ್ಮ ಮೇಲೆ ಕ್ವಯೆಟ್ ಇದೆ, ಅಂದರೆ ಒಳಗೆ ಇದ್ದು ಓದಬಹುದು, ಬರೆಯುವಂತಿಲ್ಲ.

ಯಾವುದು ಅಂತ ಗೊತ್ತಾಗದಿದ್ದರೆ ಯಾವ ಆಪ್‌ಗಾದರೂ ಪ್ರೈವೇಟ್ ಮೆಸೇಜ್ ಹಾಕಿ. ಹೆದರಬೇಡಿ, ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ.

## ಆಪ್ ಕೆಲಸದ ಬಗ್ಗೆ

ಅಣ್ಣಾ, ನಾನು ದಿನಾ ಬರ್ತೀನಿ, ಎಲ್ಲರಿಗೂ ಹೆಲ್ಪ್ ಮಾಡ್ತೀನಿ. ನಂಗೆ ಯಾವಾಗ @ ಕೊಡ್ತೀರ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಜಿಲ್ಲೆ ಕೆರೆಗಳ ಜಿಲ್ಲೆ. ನಮ್ಮ ತಾತನ ಊರಿನ ಕೆರೆಗೆ ಒಬ್ಬರು ನೀರಗಂಟಿ ಇದ್ದರು. ಹೆಗಲ ಮೇಲೆ ಸಲಿಕೆ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ. ತೂಬು ಎತ್ತುವುದು, ಕಾಲುವೆಗೆ ಅಡ್ಡ ಮಣ್ಣು ಹಾಕುವುದು, ಯಾರ ಗದ್ದೆಗೆ ಯಾವಾಗ ನೀರು ಅಂತ ಸರದಿ ನೋಡುವುದು, ಎಲ್ಲ ಅವರದೇ. ಎಷ್ಟು ದೊಡ್ಡ ರೈತನಾದರೂ ತಾನೇ ಹೋಗಿ ತೂಬು ಮುಟ್ಟುವಂತಿರಲಿಲ್ಲ. ಹಾಗಂತ ನೀರು ನೀರಗಂಟಿಯದಾಗಿರಲಿಲ್ಲ. ನೀರು ಊರಿನದು, ತೂಬಿನ ಕೆಲಸ ಮಾತ್ರ ಅವರದು. ರಾತ್ರಿ ಮಳೆ ಜೋರಾದರೆ ಎಲ್ಲರೂ ಮಲಗಿರುವಾಗ ಎದ್ದು ಹೋಗಬೇಕಾದವರೂ ಅವರೇ.

ಆಪ್ ಅಂದರೆ ನನಗೆ ಇದೇ. 1993ರಲ್ಲಿ ಐಆರ್‌ಸಿಯ ನಿಯಮಗಳನ್ನು ಮೊದಲು ಬರೆದಿಟ್ಟಾಗ ಆಪ್ ಚಾನೆಲ್‌ನ 'ಒಡೆಯ' ಅಂತಲೇ ಬರೆದರು. ಆದರೆ ಆ ಪದವನ್ನು ಉದ್ಧರಣ ಚಿಹ್ನೆಯೊಳಗೇ ಇಟ್ಟರು. ಬರೆದವರಿಗೂ ಅಲ್ಲಿ ಅನುಮಾನ ಇತ್ತು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ನಾವು @ ಕೊಡುವುದು ಬಹುಮಾನವಾಗಿ ಅಲ್ಲ. ಹೊತ್ತು ನೋಡಿ ಕೊಡುತ್ತೇವೆ. ರಾತ್ರಿ ಹತ್ತರ ಮೇಲೆ ಯಾರೂ ಎದ್ದಿರಲ್ಲ ಅಂತಾದರೆ ಆ ಹೊತ್ತಿಗೆ ಇರುವ ಒಬ್ಬರು ಬೇಕು. ಅವರು ಸಿಟ್ಟು ಬಂದಾಗ ಒಂದು ನಿಮಿಷ ಕೈ ಕಟ್ಟಿ ಕೂರುವವರಾಗಿರಬೇಕು. ಚೆನ್ನಾಗಿ ಉತ್ತರ ಹೇಳುವುದು ಬೇರೆ ಗುಣ, ಜಗಳ ಬಿಡಿಸುವುದು ಬೇರೆ ಗುಣ. ನಿಮಗೆ ಮೊದಲನೆಯದು ಇದ್ದರೆ ಅದನ್ನೇ ಮಾಡಿ, ಚಾನೆಲ್ ನಡೆಯುವುದೇ ಅದರಿಂದ.

ವಾಯ್ಸ್ ಅಂದ್ರೆ ಮರ್ಯಾದೆನಾ, ಕೆಲಸನಾ?

ಚಾನೆಲ್ ಮಾಡರೇಟೆಡ್ ಆಗಿದ್ದಾಗ ಮಾತಾಡುವ ಅನುಮತಿ, ಅಷ್ಟೇ. ಬೇರೆ ಹೊತ್ತಿನಲ್ಲಿ + ಇದ್ದರೂ ಇಲ್ಲದಿದ್ದರೂ ಒಂದೇ. ಕೆಲವು ಚಾನೆಲ್‌ಗಳು ಹಳಬರಿಗೆ ಗುರುತಾಗಿ ಕೊಡುತ್ತವೆ. ನಾವು ಆ ದಿನ ಪಾಠ ಮಾಡುವವರಿಗೆ ಮಾತ್ರ ಕೊಡುತ್ತೇವೆ.

ಚಾನೆಲ್‌ನಲ್ಲಿ ಒಬ್ಬರಿಗೂ @ ಕಾಣಿಸ್ತಿಲ್ಲ. ನೋಡಿಕೊಳ್ಳೋರು ಯಾರೂ ಇಲ್ವಾ?

ಇದ್ದಾರೆ. ಬೇಕಾದಾಗ ಮಾತ್ರ @ ಹಾಕಿಕೊಂಡು, ಕೆಲಸ ಮುಗಿದ ಮೇಲೆ ತೆಗೆದಿಡುವುದು ಲಿಬೆರಾ ಕಡೆಯ ರೂಢಿ. ಚಾನೆಲ್‌ನಲ್ಲಿ ಯಾರಿಗೆ ಯಾವ ಹಕ್ಕು ಅನ್ನುವ ಲೆಕ್ಕ ಇಡುವ, ಚಾನ್‌ಸರ್ವ್ ಅನ್ನುವ ನೆಟ್‌ವರ್ಕ್‌ನ ಸೇವೆಗೆ ಆಪ್ ಒಂದು ಸಾಲು ಬರೆದರೆ ತಕ್ಷಣ @ ಬರುತ್ತದೆ. ನನಗೆ ಈ ರೂಢಿ ತುಂಬಾ ಇಷ್ಟ. ಯಾವಾಗಲೂ @ ಹಾಕಿಕೊಂಡು ಕೂತರೆ ಹೊಸಬರು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಮಾತು ಪೂರ್ತಿ ಆಪ್ ಕಡೆಗೇ ತಿರುಗುತ್ತದೆ. ಯಾರು ಆಪ್ ಅನ್ನುವುದು ಗುಟ್ಟಾಗಬಾರದು ಅಂತ ನಮ್ಮ ಹೆಸರುಗಳನ್ನು ಟಾಪಿಕ್‌ನಲ್ಲೇ ಬರೆದಿಟ್ಟಿದ್ದೇವೆ.

ಕಿಕ್, ಕ್ವಯೆಟ್, ಬ್ಯಾನ್. ಯಾವಾಗ ಯಾವುದು?

ಮೊದಲು ಮಾತು. ಎಲ್ಲರ ಎದುರಿಗೆ ಬೇಡ, ಪ್ರೈವೇಟ್‌ನಲ್ಲಿ. "ಸ್ವಲ್ಪ ನಿಧಾನ ಮಾಡಿ" ಅಂದರೆ ಬಹಳ ಜನ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಕ್ವಯೆಟ್. ಉದ್ದುದ್ದ ಕೋಡ್ ಅನ್ನು ಗೊತ್ತಿಲ್ಲದೆ ಅಂಟಿಸುತ್ತಿರುವ ಹುಡುಗನಿಗೆ ಕ್ವಯೆಟ್ ಹಾಕಿ, ಪ್ರೈವೇಟ್‌ನಲ್ಲಿ ಹೇಳಿಕೊಟ್ಟು, ಐದು ನಿಮಿಷದಲ್ಲಿ ತೆಗೆಯುವುದು ಸರಿ. ಅವನಿಗೆ ಕಿಕ್ ಬೇಕಿಲ್ಲ. ಕಿಕ್ ಆದವನು ಮರುಕ್ಷಣ ವಾಪಸ್ ಬರಬಹುದು, ಅದು ತಟ್ಟಿ ಎಚ್ಚರಿಸುವ ಹಾಗೆ. ಬ್ಯಾನ್ ಕೊನೆಯದು. ಸ್ಪ್ಯಾಮ್ ಬಾಟ್ (ತಾನಾಗೇ ಕಸದ ಮೆಸೇಜ್ ಹಾಕುವ ಪ್ರೋಗ್ರಾಂ), ಹೆಣ್ಣುಮಕ್ಕಳಿಗೆ ಕೊಳಕು ಮೆಸೇಜ್ ಕಳಿಸುವವರು, ಇವರಿಗೆ ಮಾತ್ರ ನೇರವಾಗಿ ಬ್ಯಾನ್. ಅಲ್ಲಿ ನಾನು ಯೋಚನೆ ಮಾಡುವುದಿಲ್ಲ.

ಯಾವುದನ್ನು ಹಾಕಿದರೂ ಕಾರಣ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಿಕ್ ಜೊತೆಗೆ ಕಾರಣದ ಸಾಲು ಎಲ್ಲರಿಗೂ ಕಾಣುತ್ತದೆ. ಯಾವ ತಪ್ಪಿಗೆ ಅಂತ ಗೊತ್ತಿದ್ದರೆ ನೋಡುವವರಿಗೂ ಧೈರ್ಯ.

ಅಣ್ಣಾ, ನಾನೇನೂ ಮಾಡಿಲ್ಲ. ನನ್ನನ್ನ ಯಾಕೆ ಬ್ಯಾನ್ ಮಾಡಿದ್ರಿ?

ಈ ಪ್ರಶ್ನೆ ಮೊದಲ ಸಲ ನನಗೆ ಫೋನ್‌ನಲ್ಲಿ ಬಂತು, ರಾತ್ರಿ ಹತ್ತೂವರೆಗೆ. ಹಾಸ್ಟೆಲ್‌ನಲ್ಲಿ ಓದುವ ಹುಡುಗಿ. ಮಾರನೇ ದಿನ ಲ್ಯಾಬ್ ಪರೀಕ್ಷೆ, ಒಂದು ಡೌಟ್ ಕೇಳಬೇಕಿತ್ತು, ಒಳಗೆ ಬರಲು ಆಗುತ್ತಿರಲಿಲ್ಲ. ಅಳು ಬರುವ ದನಿ.

ಆಗಿದ್ದು ಇಷ್ಟು. ಸಂಜೆ ಒಬ್ಬ ಚಾನೆಲ್‌ಗೆ ಬಂದು ಬಾಯಿಗೆ ಬಂದ ಹಾಗೆ ಬರೆದಿದ್ದ. ನಾನು ಅವನ ಐಪಿ ವಿಳಾಸಕ್ಕೆ ಬ್ಯಾನ್ ಹಾಕಿದೆ. ಅವನು ಬರೆದಿದ್ದು ಅದೇ ಕಾಲೇಜಿನ ವೈಫೈನಿಂದ. ಇಡೀ ಕ್ಯಾಂಪಸ್‌ಗೆ ಹೊರಗೆ ಕಾಣುವ ವಿಳಾಸ ಒಂದೇ. ಒಬ್ಬನಿಗೆ ಹಾಕಿದ ಬೀಗ ಹಾಸ್ಟೆಲ್‌ನ ಎಲ್ಲರಿಗೂ ಬಿತ್ತು. ತಪ್ಪು ನನ್ನದು. ತಕ್ಷಣ ತೆಗೆದೆ, ಆಕೆಯ ಡೌಟ್ ಮುಗಿಯುವ ತನಕ ಕೂತಿದ್ದೆ.

ಬ್ಯಾನ್ ಕೆಲಸ ಮಾಡುವುದು ಒಂದು ಮಾದರಿ ಸಾಲಿನ ಮೇಲೆ. ನಿಕ್, ಆಮೇಲೆ ಆಶ್ಚರ್ಯ ಚಿಹ್ನೆ, ಯೂಸರ್ ಹೆಸರು, @, ಕೊನೆಗೆ ವಿಳಾಸ. ಯಾವ ಜಾಗದಲ್ಲಿ ನಕ್ಷತ್ರ ಹಾಕುತ್ತೀರೋ ಅಲ್ಲಿ ಏನಿದ್ದರೂ ಹೊಂದುತ್ತದೆ. ಮೂರೂ ಕಡೆ ನಕ್ಷತ್ರ ಹಾಕಿದರೆ ಊರಿಗೆಲ್ಲ ಬ್ಯಾನ್: ಹೊಸಬರು ಬರುವಂತಿಲ್ಲ, ಒಳಗಿದ್ದವರಲ್ಲಿ @, + ಇಲ್ಲದವರು ಮಾತಾಡುವಂತಿಲ್ಲ. ನಿಕ್‌ಗೆ ಮಾತ್ರ ಹಾಕಿದರೆ ಅವನು ಹೆಸರು ಬದಲಿಸಿ ಬರುತ್ತಾನೆ. ವಿಳಾಸಕ್ಕೆ ಹಾಕಿದರೆ ಮೇಲೆ ಹೇಳಿದ ಕಥೆ. ಮೊಬೈಲ್ ಡೇಟಾದಲ್ಲೂ ಹಾಗೇ, ಒಂದೇ ವಿಳಾಸದ ಹಿಂದೆ ಎಷ್ಟೋ ಜನ ಇರುತ್ತಾರೆ.

ಲಿಬೆರಾದಲ್ಲಿ ಖಾತೆಯ ಹೆಸರಿಗೇ ಬ್ಯಾನ್ ಹಾಕಬಹುದು: ಡಾಲರ್ ಚಿಹ್ನೆ, ಸಣ್ಣ ಎ, ಕೋಲನ್, ಖಾತೆಯ ಹೆಸರು. ಆ ವ್ಯಕ್ತಿ ಲಾಗಿನ್ ಆಗಿದ್ದರೆ ಇದೇ ಒಳ್ಳೆಯದು. ಇಲ್ಲದಿದ್ದರೆ ವಿಳಾಸಕ್ಕೇ ಹಾಕಿ, ಆದರೆ ಒಂದು ಗಂಟೆ ಬಿಟ್ಟು ತೆಗೆಯಲು ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ನಾನು ಈಗಲೂ ಇಡುತ್ತೇನೆ.

## ಪಟ್ಟಿ, ಫ್ಲ್ಯಾಗ್, ಫೌಂಡರ್

ಟ್ರೈನಲ್ಲಿ ಸಿಗ್ನಲ್ ಹೋಯ್ತು. ವಾಪಸ್ ಬಂದ್ರೆ ನನ್ನ @ ಇಲ್ಲ. ಯಾರು ತೆಗೆದ್ರು?

ಯಾರೂ ತೆಗೆದಿಲ್ಲ. @ ಇರುವುದು ಆ ಕನೆಕ್ಷನ್ ಇರುವ ತನಕ ಮಾತ್ರ. ನಮ್ಮ ಆಪ್‌ಗಳಲ್ಲಿ ಒಬ್ಬರು ದಿನಾ ಮಾರಿಕುಪ್ಪಂ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಟೇಕಲ್ ಹತ್ತಿರ ನೆಟ್ ಹೋಗುತ್ತದೆ, ಮಾಲೂರಿನಲ್ಲಿ ಬರುತ್ತದೆ. ಆಗ ಚಾನೆಲ್‌ನಲ್ಲಿ ಅವರ ಹೆಸರು ಎರಡು ಕಾಣುತ್ತದೆ. ಒಂದು ಹಳೆಯ ಕನೆಕ್ಷನ್, ಹೋಗಿದೆ ಅಂತ ಸರ್ವರ್‌ಗೆ ಇನ್ನೂ ಗೊತ್ತಾಗಿಲ್ಲ, ಅದಕ್ಕೆ @ ಇದೆ. ಇನ್ನೊಂದು ಈಗ ಬಂದದ್ದು, ಹೆಸರಿನ ಕೊನೆಗೆ ಒಂದು ಗೆರೆ ಅಂಟಿಕೊಂಡಿದೆ, ಅದಕ್ಕೆ @ ಇಲ್ಲ.

ಉಳಿಯುವುದು ಚಾನ್‌ಸರ್ವ್‌ನ ಪಟ್ಟಿ, ಅಂದರೆ ಯಾವ ಖಾತೆಗೆ ಯಾವ ಹಕ್ಕು ಅನ್ನುವುದು. ಅದರಲ್ಲಿ ನಿಮ್ಮ ಖಾತೆ ಇದ್ದರೆ ಲಾಗಿನ್ ಆಗಿ @ ಕೇಳಿದರಾಯಿತು. ನಿಕ್, ಖಾತೆ ನೋಡಿಕೊಳ್ಳುವ ಸೇವೆಯಾದ ನಿಕ್‌ಸರ್ವ್‌ಗೆ ಹೇಳಿ ಹಳೆಯ ಹೆಸರನ್ನೂ ವಾಪಸ್ ಪಡೆಯಬಹುದು. ಫೋನ್ ಆ್ಯಪ್‌ನಲ್ಲಿ 'ಸಾಸ್ಲ್' ಲಾಗಿನ್, ಅಂದರೆ ಕನೆಕ್ಟ್ ಆಗುವಾಗಲೇ ತಾನಾಗೇ ಆಗುವ ಲಾಗಿನ್, ಹಾಕಿಟ್ಟರೆ ಪ್ರತಿ ಸಲ ಪಾಸ್‌ವರ್ಡ್ ಹೊಡೆಯುವ ಕಷ್ಟ ಇರಲ್ಲ. ಒಟ್ಟಿನಲ್ಲಿ @ ಬೇರೆ, ಪಟ್ಟಿಯಲ್ಲಿನ ಹಕ್ಕು ಬೇರೆ. ಇದೊಂದು ಅರ್ಥ ಆದರೆ ಮುಂದಿನದೆಲ್ಲ ಸುಲಭ.

ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಕ್ಷರ ಇದೆಯಲ್ಲ, ಏನದು?

ಅವೇ ಫ್ಲ್ಯಾಗ್‌ಗಳು. ಒಂದೊಂದು ಅಕ್ಷರ ಒಂದೊಂದು ಕೆಲಸಕ್ಕೆ ಅನುಮತಿ. ಸಣ್ಣ ವಿ ಇದ್ದರೆ ವಾಯ್ಸ್ ಕೊಡಬಹುದು, ಸಣ್ಣ ಓ ಇದ್ದರೆ ಆಪ್. ದೊಡ್ಡ ವಿ, ದೊಡ್ಡ ಓ ಇದ್ದರೆ ಒಳಗೆ ಬಂದ ತಕ್ಷಣ ತಾನಾಗೇ ಬರುತ್ತದೆ. ಟಿ ಟಾಪಿಕ್‌ಗೆ, ಐ ಆಹ್ವಾನಕ್ಕೆ, ಆರ್ ಕಿಕ್ ಮತ್ತು ಬ್ಯಾನ್‌ಗೆ, ಎಸ್ ಚಾನೆಲ್ ಸೆಟ್ಟಿಂಗ್‌ಗೆ, ದೊಡ್ಡ ಎ ಪಟ್ಟಿ ನೋಡುವುದಕ್ಕೆ. ಸಣ್ಣ ಎಫ್ ಇದ್ದವರು ಪಟ್ಟಿಯನ್ನೇ ತಿದ್ದಬಹುದು. ದೊಡ್ಡ ಎಫ್ ಇದ್ದವರು ಫೌಂಡರ್, ಅಂದರೆ ಚಾನೆಲ್‌ನ ಪೂರ್ತಿ ಹಕ್ಕು ಇರುವವರು.

ಇದರ ಚೆಲುವು ಏನು ಅಂದರೆ ಪೂರ್ತಿ ಬೀಗದ ಕೈ ಗೊಂಚಲು ಕೊಡಬೇಕಿಲ್ಲ. ಪ್ರತಿ ಭಾನುವಾರದ ಪಾಠದ ವಿಷಯವನ್ನು ಟಾಪಿಕ್‌ನಲ್ಲಿ ಬರೆಯುವ ಹುಡುಗನಿಗೆ ನಾವು ಟಿ ಮಾತ್ರ ಕೊಟ್ಟಿದ್ದೇವೆ. ಅವನ ಕೆಲಸಕ್ಕೆ ಅಷ್ಟು ಸಾಕು. ನಾಳೆ ಅವನ ಪಾಸ್‌ವರ್ಡ್ ಕಳುವಾದರೆ ಹೆಚ್ಚೆಂದರೆ ಟಾಪಿಕ್ ಹಾಳಾಗಬಹುದು, ಚಾನೆಲ್ ಹೋಗಲ್ಲ. ಅವನ ಮೇಲೆ ಅನುಮಾನ ಅಂತಲ್ಲ. ಯಾರ ಪಾಸ್‌ವರ್ಡ್ ಬೇಕಾದರೂ ಹೋಗಬಹುದು, ನನ್ನದೂ. ಸಣ್ಣ ಎಫ್ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಅದು ಸಿಕ್ಕವರು ಬೇರೆಯವರನ್ನು ಪಟ್ಟಿಗೆ ಸೇರಿಸಬಹುದು, ತೆಗೆಯಬಹುದು.

ಬೇರೆ ನೆಟ್‌ವರ್ಕ್‌ನಲ್ಲಿ ~, &, % ಎಲ್ಲ ನೋಡಿದೆ. ಅವೇನು?

ಕೆಲವು ಸರ್ವರ್‌ಗಳಲ್ಲಿ ಮೆಟ್ಟಿಲು ಜಾಸ್ತಿ. ~ ಅಂದರೆ ಒಡೆಯರು, & ಅಂದರೆ ಸಾಮಾನ್ಯ ಆಪ್ ಕಿಕ್ ಮಾಡಲಾಗದ ಆಪ್, % ಅಂದರೆ ಹಾಫ್-ಆಪ್. ಹಾಫ್-ಆಪ್ ಸದಸ್ಯರನ್ನು ಕಿಕ್ ಮಾಡಬಹುದು, ವಾಯ್ಸ್ ಕೊಡಬಹುದು, ಆದರೆ ಆಪ್‌ಗಳನ್ನು ಮುಟ್ಟುವಂತಿಲ್ಲ. ಲಿಬೆರಾದಲ್ಲಿ ಈ ಮೂರೂ ಇಲ್ಲ. ಒಂದು ಎಚ್ಚರಿಕೆ: ಆ ನೆಟ್‌ವರ್ಕ್‌ಗಳಲ್ಲಿ ಪ್ಲಸ್ ಕ್ಯೂ ಅನ್ನುವ ಮೋಡ್ ಅಂದರೆ ಒಡೆತನ, ಲಿಬೆರಾದಲ್ಲಿ ಅದೇ ಪ್ಲಸ್ ಕ್ಯೂ ಅಂದರೆ ಬಾಯಿ ಮುಚ್ಚಿಸುವ ಕ್ವಯೆಟ್. ಅಲ್ಲಿಂದ ಬಂದವರು ಇಲ್ಲಿ ಎಡವುತ್ತಾರೆ.

ಒಬ್ಬ ಆಪ್ ಇನ್ನೊಬ್ಬ ಆಪ್‌ನ ಕಿಕ್ ಮಾಡಬಹುದಾ?

ನಮ್ಮಲ್ಲಿ ಮಾಡಬಹುದು. @ ಇದ್ದವರೆಲ್ಲ ಸಮಾನ, ಫೌಂಡರ್‌ಗೂ ಕಿಕ್ ಬೀಳಬಹುದು. ಆದರೆ ಪಟ್ಟಿಯಲ್ಲಿ ಹೆಸರಿದ್ದವರು ಚಾನ್‌ಸರ್ವ್ ಮೂಲಕ ವಾಪಸ್ ಬರುತ್ತಾರೆ. ಹಾಗಾಗಿ ಇದರಿಂದ ಯಾರೂ ಗೆಲ್ಲುವುದಿಲ್ಲ, ನೋಡುತ್ತಿರುವ ಹೊಸಬರು ಮಾತ್ರ ಹೋಗಿಬಿಡುತ್ತಾರೆ. ಆಪ್‌ಗಳ ನಡುವೆ ಬೇಸರ ಇದ್ದರೆ ಫೋನ್ ಮಾಡಿ ಮಾತಾಡಿ.

ಫೌಂಡರ್ ಊರು ಬಿಟ್ಟು ಹೋದ್ರೆ, ಪಾಸ್‌ವರ್ಡ್ ಮರೆತ್ರೆ?

ಪಾಸ್‌ವರ್ಡ್ ಮರೆತರೆ ಖಾತೆಗೆ ಕೊಟ್ಟ ಇಮೇಲ್‌ಗೆ ಹೊಸದಕ್ಕೆ ದಾರಿ ಬರುತ್ತದೆ. ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು. ಕಾಲೇಜು ಕೊಟ್ಟ ಇಮೇಲ್ ಹಾಕಿರುತ್ತಾರೆ, ಓದು ಮುಗಿದ ಮೇಲೆ ಅದು ಮುಚ್ಚಿಹೋಗುತ್ತದೆ. ಸ್ವಂತ ಇಮೇಲ್ ಹಾಕಿ. ಫೌಂಡರ್ ಇಬ್ಬರಿರಲಿ, ಲಿಬೆರಾದಲ್ಲಿ ಅದಕ್ಕೆ ಅವಕಾಶ ಇದೆ. ನಮ್ಮಲ್ಲಿ ಒಬ್ಬರು ಕೋಲಾರದಲ್ಲಿದ್ದಾರೆ, ಇನ್ನೊಬ್ಬರು ಮುಳಬಾಗಿಲಲ್ಲಿ.

## ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ

ಐಆರ್‌ಸಿ ಆಪರೇಟರ್ ಅಂದ್ರೂ ಆಪ್ ಅಂದ್ರೂ ಒಂದೇ ತಾನೆ?

ಅಲ್ಲ. ಚಾನೆಲ್ ಆಪ್‌ನ ಅಧಿಕಾರ ಆ ಚಾನೆಲ್‌ನ ಹೊಸ್ತಿಲ ತನಕ. ಐಆರ್‌ಸಿ ಆಪರೇಟರ್ ಇಡೀ ನೆಟ್‌ವರ್ಕ್ ನೋಡಿಕೊಳ್ಳುವವರು. ಒಬ್ಬರ ಕನೆಕ್ಷನ್ನನ್ನೇ ಕಡಿದುಹಾಕಬಹುದು, ಸರ್ವರ್‌ಗೇ ಬರದ ಹಾಗೆ ಮಾಡಬಹುದು. ನಮ್ಮ ಚಾನೆಲ್‌ನ ಜಗಳ ತೀರಿಸುವುದು ಅವರ ಕೆಲಸ ಅಲ್ಲ, ಅದಕ್ಕೆ ಅವರನ್ನು ಕರೆಯಬೇಡಿ. ಸ್ಪ್ಯಾಮ್ ದಾಳಿ ಆದಾಗ ಕರೆಯಿರಿ.

ಫೌಂಡರ್‌ಗಿಂತ ಮೇಲೆ ಒಬ್ಬರಿದ್ದಾರೆ ಅನ್ನುವುದು 2021ರ ಮೇ ತಿಂಗಳಲ್ಲಿ ಎಲ್ಲರಿಗೂ ಗೊತ್ತಾಯಿತು. ಆಗಿನ ದೊಡ್ಡ ನೆಟ್‌ವರ್ಕ್ ಫ್ರೀನೋಡ್‌ನಲ್ಲಿ ಯಾರ ಹಿಡಿತ ಅನ್ನುವ ಜಗಳ ಎದ್ದು, ಅಲ್ಲಿನ ಸ್ವಯಂಸೇವಕರು ಒಟ್ಟಿಗೆ ಬಿಟ್ಟು ಬಂದು ಲಿಬೆರಾ ಚಾಟ್ ಕಟ್ಟಿದರು. ಕೆಲವೇ ದಿನದಲ್ಲಿ ಲಿಬೆರಾ ಹೆಸರನ್ನು ಟಾಪಿಕ್‌ನಲ್ಲಿ ಬರೆದಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್‌ನ ಹೊಸ ಆಡಳಿತ ತನ್ನ ಕೈಗೆ ತೆಗೆದುಕೊಂಡಿತು. ವರ್ಷಗಟ್ಟಲೆ ನೋಡಿಕೊಂಡಿದ್ದವರ ಹಕ್ಕು ಒಂದೇ ದಿನದಲ್ಲಿ ಹೋಯಿತು. ಆದರೆ ಜನ ಇನ್ನೊಂದು ಕಡೆ ಸೇರಿದರು. ಎಲ್ಲಿ ಸೇರುವುದು ಅನ್ನುವುದನ್ನು ಚಾನೆಲ್‌ನ ಹೊರಗೂ ಒಂದು ಕಡೆ ಬರೆದಿಡಿ ಅಂತ ನಾನು ಹೇಳುವುದು ಅದಕ್ಕೇ.

ಚಾನ್‌ಸರ್ವ್ ಇಲ್ಲದ ಕಾಲದಲ್ಲಿ ಹೇಗೆ ನಡೀತಿತ್ತು?

ಖಾಲಿ ಚಾನೆಲ್‌ಗೆ ಮೊದಲು ಕಾಲಿಟ್ಟವರಿಗೆ @. ಎಲ್ಲರೂ ಹೊರಗೆ ಹೋದರೆ ಚಾನೆಲ್ ಅಳಿಯಿತು, ಮತ್ತೆ ಮೊದಲು ಬಂದವರಿಗೆ @. ಸರ್ವರ್‌ಗಳ ನಡುವಿನ ಕೊಂಡಿ ಕಡಿದಾಗ, ಅಂದರೆ ನೆಟ್‌ಸ್ಪ್ಲಿಟ್ ಆದಾಗ, ಕಡಿದ ಕಡೆಯಲ್ಲಿ ಚಾನೆಲ್ ಖಾಲಿ ಇರುತ್ತಿತ್ತು. ಹೊಂಚು ಹಾಕಿದವರು ಅಲ್ಲಿ ನುಗ್ಗಿ @ ಪಡೆದು, ಕೊಂಡಿ ಕೂಡಿದ ಮೇಲೆ ನಿಜವಾದ ಆಪ್‌ಗಳನ್ನು ಹೊರಗೆ ಹಾಕುತ್ತಿದ್ದರು. ಇಎಫ್‌ನೆಟ್ ಅನ್ನುವ ಹಳೆಯ ನೆಟ್‌ವರ್ಕ್‌ನಲ್ಲಿ ಇವತ್ತಿಗೂ ಚಾನ್‌ಸರ್ವ್ ಇಲ್ಲ.

ಬಾಟ್‌ಗೆ @ ಕೊಡಬಹುದಾ?

ಬೇಕಿದ್ದರೆ ಮಾತ್ರ. ನಮ್ಮ ಬಾಟ್ ಲಿಂಕ್‌ಗಳ ಶೀರ್ಷಿಕೆ ತೋರಿಸುತ್ತದೆ, ಅದಕ್ಕೆ ಯಾವ ಹಕ್ಕೂ ಬೇಡ. ಕೊಟ್ಟಿಲ್ಲ.

ನಮ್ಮೂರಿನ ವಾಟ್ಸಾಪ್, ಟೆಲಿಗ್ರಾಂ ಗ್ರೂಪಿಗೂ ಇದೇ ಲೆಕ್ಕ ಬರುತ್ತಾ?

ಅರ್ಧ ಬರುತ್ತದೆ. ಟೆಲಿಗ್ರಾಂ ಗ್ರೂಪ್‌ನಲ್ಲಿ ಅಡ್ಮಿನ್ ಹಕ್ಕುಗಳನ್ನು ಬಿಡಿಬಿಡಿಯಾಗಿ ಕೊಡಬಹುದು: ಅಳಿಸುವುದು, ಬ್ಯಾನ್, ಪಿನ್, ಹೊಸ ಅಡ್ಮಿನ್ ಸೇರಿಸುವುದು. ಫ್ಲ್ಯಾಗ್ ಗೊತ್ತಿದ್ದವರಿಗೆ ಅದು ತಕ್ಷಣ ಹಿಡಿಯುತ್ತದೆ. ವಾಟ್ಸಾಪ್‌ನಲ್ಲಿ ಹಾಗಿಲ್ಲ. ಅಡ್ಮಿನ್ ಅಂದರೆ ಪೂರ್ತಿ ಅಡ್ಮಿನ್, ಬೇರೆ ಅಡ್ಮಿನ್‌ಗಳನ್ನೂ ತೆಗೆಯಬಹುದು. ಗ್ರೂಪ್ ಶುರು ಮಾಡಿದವರನ್ನು ಮಾತ್ರ ತೆಗೆಯಲು ಬರಲ್ಲ. ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸುವ ಸೆಟ್ಟಿಂಗ್ ಇದೆಯಲ್ಲ, ಅದು ನಮ್ಮ ಮಾಡರೇಟೆಡ್ ಮೋಡ್‌ನ ತಮ್ಮ.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ರೇಟ್ ಹಾಕುವ ಗ್ರೂಪಿಗೆ ಯಾರೋ ಹಳೆಯ ಫೋಟೋ ತಂದು ಹಾಕಿದರೆ, ಅದನ್ನು ನಂಬಿ ಒಬ್ಬ ರೈತ ಕಾಯಿ ಕೀಳಿಸಿಬಿಡುತ್ತಾನೆ. ಅಲ್ಲಿ ಅಡ್ಮಿನ್‌ಗೆ ಬೇಕಾದದ್ದು ಬ್ಯಾನ್ ಅಲ್ಲ. ಆ ಮೆಸೇಜನ್ನು ಎಲ್ಲರಿಗೂ ಕಾಣದ ಹಾಗೆ ಅಳಿಸಿ, ಇವತ್ತಿನ ರೇಟ್ ಇಷ್ಟು ಅಂತ ಬರೆಯುವುದು. ವಾಟ್ಸಾಪ್ ಅಡ್ಮಿನ್‌ಗೆ ಅಳಿಸುವ ಹಕ್ಕು ಇದೆ. ಇದೊಂದು ವಿಷಯದಲ್ಲಿ ಅದು ಐಆರ್‌ಸಿಗಿಂತ ಮುಂದೆ.

ಗ್ರೂಪಲ್ಲಿ ಯಾರೋ ಕೆಟ್ಟದ್ದು ಹಾಕಿದ್ರೆ ಅಡ್ಮಿನ್ ಮೇಲೆ ಕೇಸ್ ಬೀಳುತ್ತಾ?

ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ವಾಟ್ಸಾಪ್ ಗ್ರೂಪ್ ಬಗ್ಗೆ ತೀರ್ಪು ಕೊಟ್ಟಿವೆ. ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ, ಸದಸ್ಯ ಹಾಕಿದ ಪೋಸ್ಟಿಗೆ ಅವರನ್ನು ಹೊಣೆ ಮಾಡಲಾಗದು ಅಂತ. ಇಬ್ಬರೂ ಸೇರಿ ಮಾಡಿದ್ದರೆ ಮಾತು ಬೇರೆ. ಎರಡೂ ಬೇರೆ ರಾಜ್ಯದ ಹೈಕೋರ್ಟ್‌ಗಳು. ಕಣ್ಣಿಗೆ ಬಿದ್ದ ಮೇಲೆ ಸುಮ್ನೆ ಇರಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅಳಿಸಿ, ಹಾಕಿದವರನ್ನು ಹೊರಗೆ ಕಳಿಸಿ. ನೋಟಿಸ್ ಬಂದರೆ ವಕೀಲರನ್ನು ಕಾಣಿ.

ಆಪ್ ಕೆಲಸ ಬಿಡ್ಬೇಕು ಅಂತಿದ್ದೀನಿ. ಹೇಗೆ ಹೇಳ್ಲಿ?

ನೇರವಾಗಿ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮದುವೆ, ಹೊಸ ಕೆಲಸ, ಮನೆಯಲ್ಲಿ ಹುಷಾರಿಲ್ಲದವರು, ಕಾರಣ ಏನಾದರೂ ಇರಲಿ. ಹೋಗುವ ಮುಂಚೆ ಎರಡು ಕೆಲಸ ಮಾಡಿ. ನೀವು ಹಾಕಿದ ಬ್ಯಾನ್‌ಗಳನ್ನು ಒಂದು ಸಲ ನೋಡಿ, ಯಾವುದು ಯಾಕೆ ಅಂತ ಇನ್ನೊಬ್ಬ ಆಪ್‌ಗೆ ಹೇಳಿ. ನಿಮಗೆ ಮಾತ್ರ ಗೊತ್ತಿರುವ ಕಾರಣಗಳು ನಿಮ್ಮ ಜೊತೆಗೇ ಹೋಗಿಬಿಡುತ್ತವೆ. ಆಮೇಲೆ ಚಾನ್‌ಸರ್ವ್‌ಗೆ ಹೇಳಿ ನಿಮ್ಮ ಹೆಸರಿನ ಫ್ಲ್ಯಾಗ್‌ಗಳನ್ನೆಲ್ಲ ತೆಗೆಯಿರಿ. ಪಟ್ಟಿ ತಿದ್ದುವ ಹಕ್ಕು ಇಲ್ಲದಿದ್ದರೂ ನಿಮ್ಮದನ್ನು ನೀವೇ ತೆಗೆದುಕೊಳ್ಳಬಹುದು. ನೀವು ಫೌಂಡರ್ ಆಗಿದ್ದರೆ ಮಾತ್ರ, ಮೊದಲು ಇನ್ನೊಬ್ಬರಿಗೆ ದೊಡ್ಡ ಎಫ್ ಕೊಟ್ಟು, ಅವರು ಲಾಗಿನ್ ಆಗಿ ನೋಡಿ ಬಂದಿದೆ ಅಂದ ಮೇಲೆ ನಿಮ್ಮದನ್ನು ತೆಗೆಸಿ. ಟಾಪಿಕ್‌ನಲ್ಲಿ ನಿಮ್ಮ ಹೆಸರನ್ನು ನಾವು ತೆಗೆಯುತ್ತೇವೆ. ಚಾನೆಲ್‌ಗೆ ಮಾತ್ರ ಬರುತ್ತಿರಿ.